ಬೇವಿನ ಗಿಡಕ್ಕೆ ಅಂಟಿಸಿದ ಕಾಗದ

ನಾನು ಕೋರ್ಟಿನಲ್ಲಿ ಬೇಲಿಫನಾಗಿದ್ದೆ. ಬೇಲಿಫ ಅಂದರೆ ಯಾರು ಎಂದು ಕೇಳುವ ಪುಣ್ಯವಂತರು ಇನ್ನೂ ಇದ್ದಾರೆ, ಅವರ ಮನೆಗೆ ನಾನು ಹೋಗಿಲ್ಲ ಅಷ್ಟೇ. ಕೋರ್ಟಿನ ಸಮನ್ಸು, ನೋಟಿಸು, ವಾರಂಟು ಹಿಡಿದು ಊರೂರು ತಿರುಗುವುದು, ಯಾರ ಹೆಸರಿಗೆ ಬಂದಿದೆಯೋ ಅವರ ಕೈಗೆ ಕೊಟ್ಟು ಸಹಿಯನ್ನೋ ಹೆಬ್ಬೆಟ್ಟನ್ನೋ ತೆಗೆದುಕೊಂಡು ಬರುವುದು ನನ್ನ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿನ ಧೂಳು ನನ್ನ ಗಾಡಿಗೆ ಮೆತ್ತಿದೆ. ನಾನು ಬರುವುದನ್ನು ದೂರದಿಂದ ಕಂಡರೆ ಜನ ಹೊಲದ ಹಾದಿ ಹಿಡಿಯುತ್ತಿದ್ದರು. ಮದುವೆ ಊಟಕ್ಕೆ ಹೋದರೆ ಪಕ್ಕದ ಎಲೆಯವನು ಅರ್ಧಕ್ಕೇ ಎದ್ದು ಹೋದಾನು ಎಂದು ನನ್ನ ಹೆಂಡತಿ ಚ್ಯಾಷ್ಟಿ ಮಾಡುತ್ತಿದ್ದಳು.

ಈಗ ಹೇಳಹೊರಟದ್ದು ಯಾವ ಕೋರ್ಟಿನಲ್ಲಿ ನಡೆಯಿತು, ಯಾವ ಹಳ್ಳಿಯಲ್ಲಿ ಎಂದು ಬರೆಯುವುದಿಲ್ಲ. ತಪ್ಪು ನನ್ನದು, ಊರಿನದ್ದಲ್ಲ.

ಹೆಸರಿನವರು ಮನೆಯಲ್ಲಿ ಸಿಗದಿದ್ದರೆ ಕಾಗದವನ್ನು ಅವರ ಮನೆಯ ಹೊರಬಾಗಿಲಿಗೆ ಅಂಟಿಸಿ, ಇಬ್ಬರು ಪಂಚರ ಸಹಿ ಹಾಕಿಸಿ, ನನ್ನ ಷರಾ ಬರೆದು ಕೋರ್ಟಿಗೆ ಒಪ್ಪಿಸಬೇಕು. ಅದಕ್ಕೆಂದೇ ನನ್ನ ಚೀಲದಲ್ಲಿ ಒಂದು ಹಳೆಯ ಜರ್ದಾ ಡಬ್ಬಿ ಇರುತ್ತಿತ್ತು. ಅದರ ತುಂಬ ಮೈದಾ ಹಿಟ್ಟಿನ ಅಂಟು. ವಾರಕ್ಕೆ ಎರಡು ಸಲ ಹೆಂಡತಿ ಚಹಾ ಇಳಿಸಿದ ಒಲೆಯ ಮೇಲೆ ಅದನ್ನು ಕುದಿಸಿ, ಗೆದ್ದಲು ಬರಬಾರದೆಂದು ಚಿಟಿಕೆ ಮೈಲುತುತ್ತ ಹಾಕಿ ಕೊಡುತ್ತಿದ್ದಳು. ಷರಾ ಮಾತ್ರ ನನಗೆ ಬಾಯಿಪಾಠ: ‘ಪ್ರತಿವಾದಿಯು ಮನೆಯಲ್ಲಿ ಇಲ್ಲದ ಕಾರಣ ಸಮನ್ಸಿನ ಪ್ರತಿಯನ್ನು ಅವರ ಮನೆಯ ಹೊರಬಾಗಿಲಿಗೆ ಅಂಟಿಸಲಾಗಿದೆ.’ ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಪೆನ್ನು ಕೊಟ್ಟಿದ್ದರೂ ಇದನ್ನೇ ಬರೆಯುತ್ತಿದ್ದೆ. ಬರೆಯುವ ಕೈಗೆ ಒಂದು ದಿನವಾದರೂ ಕಣ್ಣು ಬೇಕಾಗಿರಲಿಲ್ಲ.

ಆ ವರ್ಷ ದೀಪಾವಳಿ ಮುಗಿದು ಜೋಳ ಎದೆಮಟ್ಟ ಬಂದಿತ್ತು. ಆಲಮಟ್ಟಿಯಿಂದ ಬರುವ ಕಾಲುವೆಯ ದಂಡೆಗೆ ಎಂಟು ಜೋಪಡಿಗಳಿದ್ದವು, ಅಲ್ಲಿಯವರಿಗೆ ಒಂದು ಸಮನ್ಸು ಮುಟ್ಟಿಸಬೇಕಿತ್ತು. ಅವರನ್ನು ಊರವರು ಶಿಕಾರಿ ಮಂದಿ ಅನ್ನುತ್ತಾರೆ, ಸರ್ಕಾರದ ಕಾಗದದಲ್ಲಿ ಹರಣಶಿಕಾರಿ ಎಂದು ಬರೆಯುತ್ತಾರೆ. ಅಜ್ಜಂದಿರ ಕಾಲಕ್ಕೆ ಬಲೆ ಹಾಕಿ ಕೌಜುಗ, ಮೊಲ ಹಿಡಿದು ಬದುಕಿದವರು. ಈಗ ಶಿಕಾರಿ ಮಾಡಿದರೆ ಜೈಲು, ಮಾಡದಿದ್ದರೂ ಊರಲ್ಲಿ ಏನಾದರೂ ಕಳುವಾದರೆ ಮೊದಲು ಇವರ ಜೋಪಡಿಗೇ ಜೀಪು. ಹೆಂಗಸರು ಪಿನ್ನು, ಬಾಚಣಿಗೆ, ಸೂಜಿ ಮಾರುತ್ತಾರೆ. ಗಂಡಸರು ಹೊಲ ಕಾಯುತ್ತಾರೆ, ಹಂದಿ ಓಡಿಸುತ್ತಾರೆ. ತಮ್ಮತಮ್ಮೊಳಗೆ ಅವರ ಮಾತು ಬೇರೆ, ನಮಗೆ ಒಂದಕ್ಷರ ತಿಳಿಯುವುದಿಲ್ಲ. ದೀಪಾವಳಿ ಮುಗಿದರೆ ಕಬ್ಬಿನ ಸುಗ್ಗಿಗೆಂದು ಗುಡಾರದ ಬಟ್ಟೆ ಸುತ್ತಿಕೊಂಡು ಕೆಲಸ ಸಿಕ್ಕ ಕಡೆ ಹೋಗಿ, ಯುಗಾದಿಯ ಹೊತ್ತಿಗೆ ಅದೇ ಜಾಗಕ್ಕೆ ಮರಳುತ್ತಾರೆ.

ದಾವೆ ಹಾಕಿದವನು ಪಕ್ಕದ ಹೊಲದ ರೈತ. ದಂಡೆಯ ಆ ಪಟ್ಟಿ ತನ್ನ ಸರ್ವೆ ನಂಬರಿನದು, ಇವರನ್ನು ಎಬ್ಬಿಸಿಕೊಡಿ ಎಂದು ಅವನ ಮಾತು. ಅವನನ್ನು ರಾಕ್ಷಸ ಅನ್ನಲಾರೆ. ನದಿಯ ಕಡೆ ಅವನಿಗಿದ್ದ ಒಳ್ಳೆಯ ಭೂಮಿ ಹಿನ್ನೀರಿನಲ್ಲಿ ಮುಳುಗಿಹೋಗಿತ್ತು. ಉಳಿದ ನೆಲದ ಒಂದೊಂದು ಗೇಣನ್ನೂ ಹಲ್ಲು ಕಚ್ಚಿ ಹಿಡಿದುಕೊಂಡಿದ್ದ.

ನಾನು ಹೋದಾಗ ದಂಡೆಯ ಮೇಲೆ ನರಪಿಳ್ಳೆ ಇರಲಿಲ್ಲ. ನೆಟ್ಟ ಗಳಗಳು, ಮಸಿ ಹಿಡಿದ ಒಲೆಗಲ್ಲುಗಳು, ನಡುವೆ ಒಂದು ದೊಡ್ಡ ಬೇವಿನ ಗಿಡ. ನಮ್ಮ ಕಡೆ ಮರಕ್ಕೂ ಗಿಡವೆಂದೇ ಅನ್ನುತ್ತೇವೆ, ಅದಂತೂ ಇಬ್ಬರು ತಬ್ಬಿದರೂ ಕೈಗೂಡದಷ್ಟು ದಪ್ಪ. ಬಾಗಿಲು ಹುಡುಕಿದೆ. ಗೋಡೆಯೇ ಇಲ್ಲದ ಕಡೆ ಬಾಗಿಲು ಎಲ್ಲಿಂದ ಬರಬೇಕು? ಬಿಸಿಲು ಚುರುಗುಟ್ಟುತ್ತಿತ್ತು, ಚೀಲದಲ್ಲಿ ಇನ್ನೂ ಒಂಬತ್ತು ಕಾಗದಗಳಿದ್ದವು. ಬೇವಿನ ಬೊಡ್ಡೆಗೆ ಅಂಟು ಸವರಿ ಸಮನ್ಸು ಅಂಟಿಸಿದೆ. ಹೂವಿನ ಹಿಪ್ಪರಗಿಗೆ ಬಂದು ಚಹಾ ಕುಡಿಯುವಾಗ ಪಕ್ಕದ ಬಾಕಿನಲ್ಲಿ ಕೂತಿದ್ದ ಇಬ್ಬರಿಂದ ಪಂಚರ ಸಹಿ ಹಾಕಿಸಿಕೊಂಡೆ. ಷರಾ ಬರೆದೆ: ಹೊರಬಾಗಿಲಿಗೆ ಅಂಟಿಸಲಾಗಿದೆ.

‘ಮನೆ ಇಲ್ಲ, ಜನ ಇಲ್ಲ, ಯುಗಾದಿಗೆ ಬರುತ್ತಾರೆ’ ಎಂದು ಬರೆದಿದ್ದರೆ ಏನಾಗುತ್ತಿತ್ತು? ಬೇಲಿಫರಿಗೆ ಕಾಗದ ಹಂಚುವ ನಾಜರ ಸಾಹೇಬರು ಅದನ್ನು ತಿರುಗಿಸಿ ಎಸೆದು, ‘ಮತ್ತೊಮ್ಮೆ ಹೋಗು’ ಅನ್ನುತ್ತಿದ್ದರು. ಮತ್ತೊಮ್ಮೆ ಹೋಗಬೇಕಿತ್ತು, ಅಷ್ಟೇ. ಆ ಒಂದು ತಿರುಗಾಟ ಉಳಿಸಲು ಬರೆದ ಸಾಲು ಅದು. ಬರೆದು ಮರೆತೆ.

ಎರಡು ವರ್ಷ ಕಳೆದವು. ಒಂದು ದಿನ ನಾಜರರು ನನ್ನ ಮುಂದೆ ಒಂದು ಕಬ್ಜಾ ವಾರಂಟ್ ಇಟ್ಟರು. ಪ್ರತಿವಾದಿಗಳು ಕೋರ್ಟಿಗೆ ಹಾಜರಾಗದ ಕಾರಣ ತೀರ್ಪು ಏಕಪಕ್ಷೀಯವಾಗಿ ರೈತನ ಕಡೆ ಆಗಿತ್ತು. ಈಗ ಜಾಗ ಖಾಲಿ ಮಾಡಿಸಿ ಅವನ ಸ್ವಾಧೀನಕ್ಕೆ ಕೊಡಬೇಕು. ಕಾಲುವೆ ದಂಡೆ ಎಂದು ಓದಿದಾಗಲೂ ನನಗೆ ಏನೂ ನೆನಪಾಗಲಿಲ್ಲ, ಸುಳ್ಳೇಕೆ ಹೇಳಲಿ.

ಇಬ್ಬರು ಪೊಲೀಸರು, ರೈತ, ಅವನ ಟ್ರ್ಯಾಕ್ಟರು, ನಾನು. ಸುಗ್ಗಿ ಇನ್ನೂ ಶುರುವಾಗಿರಲಿಲ್ಲ, ಈ ಸಲ ದಂಡೆಯ ಮೇಲೆ ಎಂಟೂ ಗುಡಾರಗಳು ಎದ್ದಿದ್ದವು, ಒಲೆಗಳು ಹೊಗೆಯಾಡುತ್ತಿದ್ದವು. ಖಾಕಿ ಕಂಡದ್ದೇ ತಡ, ಕೊನೆಯ ಗುಡಾರದಿಂದ ಒಬ್ಬ ಗಂಡಸು ಮಗುವನ್ನು ಹೆಗಲಿಗೇರಿಸಿಕೊಂಡು, ಹೆಂಡತಿಯ ಕೈ ಹಿಡಿದು ಜೋಳದ ಹೊಲಕ್ಕೆ ನುಗ್ಗಿದ. ಒಂದು ಗಳಿಗೆ ತೆನೆಗಳು ಅಲ್ಲಾಡಿದವು, ಆಮೇಲೆ ನಿಂತವು. ಯಾರೂ ಅವನನ್ನು ಹಿಂಬಾಲಿಸಲಿಲ್ಲ. ಹಿಂಬಾಲಿಸುವ ಉದ್ದೇಶವೂ ಯಾರಿಗೂ ಇರಲಿಲ್ಲ. ಆದರೆ ಅದನ್ನು ಅವನಿಗೆ ಹೇಳುವವರು ಯಾರು?

ಉಳಿದವರು ನಿಂತಲ್ಲೇ ನಿಂತರು. ನಡುವಿನ ಗುಡಾರದಿಂದ ಒಬ್ಬ ಮುದುಕಿ ಹೊರಗೆ ಬಂದಳು. ಗಿಡ್ಡ ಆಳು, ಕೈತುಂಬ ಹಿತ್ತಾಳೆ ಬಳೆ. ವಾರಂಟಿನಲ್ಲಿ ಮೊದಲ ಹೆಸರು ಅವಳದ್ದೇ. ನಾನು ಗಂಟಲು ಸರಿಮಾಡಿಕೊಂಡು, ಕೋರ್ಟಿನಿಂದ ಬಂದಿದ್ದೇವೆ, ಈ ಜಾಗ ನಿಮ್ಮದಲ್ಲವೆಂದು ತೀರ್ಪಾಗಿದೆ, ಬಿಡಬೇಕು ಎಂದು ಹೇಳಿದೆ.

ಅವಳು ಹೆದರಲಿಲ್ಲ, ಅಳಲಿಲ್ಲ. ನನ್ನನ್ನು ನೋಡಿ ಮುಗುಳುನಕ್ಕಳು. “ತಪ್ಪ ತಿಳಕೊಂಡೀರಿ ಸಾಹೇಬ್ರ. ನಮ್ಮ ಕಡೆನೂ ಕಾಗದ ಐತ್ರಿ. ತಡೀರಿ, ತೋರಸ್ತೇನಿ.”

ಒಳಗೆ ಹೋಗಿ ಪತ್ರಾಸಿನ, ಅಂದರೆ ತಗಡಿನ, ಪೆಟ್ಟಿಗೆ ಹೊತ್ತು ತಂದಳು. ಬೀಗ ತೆಗೆದಳು. ರೇಷನ್ ಕಾರ್ಡು, ಯಾರದೋ ಫೋಟೋ, ಬೆಳ್ಳಿಯ ಒಂದು ಚಿಕ್ಕ ದೇವರು, ಎಲ್ಲವನ್ನೂ ಸೀರೆಯ ಸೆರಗಿನ ಮೇಲೆ ಇಟ್ಟು, ತಳದಿಂದ ಒಂದು ಪ್ಲಾಸ್ಟಿಕ್ ಹಾಳೆ ಎತ್ತಿ ಬಿಚ್ಚಿದಳು. ಒಳಗಿನ ಕಾಗದದ ನಾಲ್ಕೂ ಮೂಲೆಗೆ ಅರಿಸಿಣ ಹಚ್ಚಿತ್ತು.

“ನೋಡ್ರಿ, ಮ್ಯಾಲ ಸರ್ಕಾರದ ಸಿಕ್ಕಾ ಐತಿ. ನನ್ನ ಹೆಸರ ಐತಿ ಅಂತ ಊರಾನ ಅಂಗಡ್ಯಾವ ಓದಿ ಹೇಳ್ಯಾನ. ಈ ಜಾಗಾ ನಮ್ಮದಂತ ಕೋರ್ಟ ಕೊಟ್ಟ ಕಾಗದ ಐತ್ರಿ ಇದು.”

ಅದು ನಾನು ಅಂಟಿಸಿದ ಸಮನ್ಸು. ಕೆಳಗೆ ನನ್ನ ಸಹಿ, ಕೊನೆಗೆ ನಾನು ಎಳೆಯುವ ಉದ್ದದ ಗೆರೆಯೊಡನೆ.

ಕಾಗದ ಕೈಗೆ ತೆಗೆದುಕೊಂಡು ತಿರುಗಿಸಿದೆ. ಬೆನ್ನಿನ ತುಂಬ ಒಣಗಿದ ಅಂಟು, ಅಂಟಿನೊಳಗೆ ಬೇವಿನ ತೊಗಟೆಯ ಚೂರುಗಳು. ಗಿಡದಿಂದ ಹರಿಯದ ಹಾಗೆ ಬಿಡಿಸಲು ಅದೆಷ್ಟು ಹೊತ್ತು ನೀರು ಹಚ್ಚಿ ಕೂತಿದ್ದಳೋ.

ಆಮೇಲೆ ಅವಳೇ ಹೇಳಿದಳು. ಅದಕ್ಕೂ ಹಿಂದಿನ ಮಳೆಗಾಲದಲ್ಲಿ ಊರ ಲೆಕ್ಕ ನೋಡುವ ತಲಾಠಿಯೊಬ್ಬ ಬಂದು ಗುಡಾರ ಎಣಿಸಿ ಹೋಗಿದ್ದನಂತೆ. ಜಾಗದ ಹಕ್ಕುಪತ್ರದ ಅರ್ಜಿ ಮೇಲೆ ಕಳಿಸುತ್ತೇನೆ, ಕಾಗದ ಬರುತ್ತದೆ, ಕಾದಿರಿ ಎಂದಿದ್ದನಂತೆ. ಯುಗಾದಿಗೆ ಮರಳಿ ಬಂದರೆ ಗಿಡದ ಮೇಲೆ ಕಾಗದ. ಮೇಲೆ ಸಿಕ್ಕಾದ ಮುದ್ರೆ ಇದೆ, ಅವಳ ಹೆಸರಿದೆ. ಅಂಗಡಿಯವನು ಹೆಸರು ಓದಿ ಹೇಳಿದ, ಉಳಿದ ಕೋರ್ಟಿನ ಕನ್ನಡ ಅವನಿಗೂ ಅರ್ಥವಾಗಿರಲಿಕ್ಕಿಲ್ಲ. ಕೋರ್ಟಿನ ತಾರೀಖಂತೂ ಯಾವಾಗಲೋ ಮುಗಿದಿತ್ತು. ಆ ದಿನ ಅವರು ಬೆಲ್ಲದ ಅನ್ನ ಮಾಡಿ ಎಂಟೂ ಮನೆಯವರು ಕೂತು ಉಂಡರಂತೆ. ತಮ್ಮನ್ನು ಎಬ್ಬಿಸಲು ಬಂದ ಕಾಗದಕ್ಕೆ ಅರಿಸಿಣ ಹಚ್ಚಿ, ಎರಡು ವರ್ಷ ಪೂಜೆ ಮಾಡಿದ್ದಾರೆ.

ಟ್ರ್ಯಾಕ್ಟರಿನ ಮೇಲಿದ್ದ ರೈತ ಕೇಳಿದ, “ಏನ್ರಿ, ಚಾಲೂ ಮಾಡಸೂನೇನ?”

“ಇವತ್ತ ಆಗೂದಿಲ್ಲ,” ಎಂದೆ.

“ಯಾಕಾಗೂದಿಲ್ಲ? ವಾರಂಟ್ ಐತಿ, ಪೊಲೀಸ್ರ ಅದಾರ.”

“ಆಗೂದಿಲ್ಲ ಅಂದ್ರ ಆಗೂದಿಲ್ಲ. ಏನಿದ್ರೂ ಜಜ್ ಸಾಹೇಬ್ರ ಮುಂದ ಹೇಳಿಕೊ.” ನನ್ನ ಸಿಟ್ಟು ಅವನ ಮೇಲಿನದ್ದಲ್ಲ. ಆದರೂ ಅವನ ಮೇಲೆಯೇ ತೀರಿಸಿಕೊಂಡೆ.

ಗಾಡಿ ಹತ್ತುವಾಗ ಮುದುಕಿ ಹತ್ತಿರ ಬಂದಳು. ಜೋಳದ ಹೊಲದ ಕಡೆ ಕೈ ಮಾಡಿ, “ಓಡಿದಾವ ನನ್ನ ಸಣ್ಣ ಮಗ್ರಿ. ಹ್ವಾದ ವರ್ಷ ಯಾರದೋ ಮೋಟಾರ ಕಳುವಾದಾಗ ಇವನ್ನ ಎಳಕೊಂಡ ಹೋಗಿ ನಾಕ ದಿನ ಬಡದ್ರು. ಆಮ್ಯಾಲ ಆ ಮೋಟಾರ ಅದರ ಮಾಲಕನ ಮನ್ಯಾಗನ ಸಿಕ್ತು. ಅದಕ್ಕ ಖಾಕಿ ಕಂಡ್ರ ನಿಲ್ಲೂದಿಲ್ಲ. ಸಂಜಿಕ ಬರ್ತಾನ್ ಬಿಡ್ರಿ,” ಎಂದಳು. ನನಗೆ ಸಮಾಧಾನ ಹೇಳಿದಳು ಆ ತಾಯಿ, ನನಗೆ.

ವಾರಂಟು ನಾಜರರಿಗೆ ಒಪ್ಪಿಸಿ, ನಡೆದದ್ದು ಹೇಳಿ ಮನೆಗೆ ಬಂದೆ. ಹೆಂಡತಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

“ನಿವೃತ್ತಿಗೆ ನಾಕ ವರ್ಷ ಅದಾವು,” ಎಂದೆ. “ನಾಜರ ಸಾಹೇಬ್ರ ಅಂತಾರ, ಪಂಚರ ಸಹಿ ಐತಿ, ಬಾಗಿಲ ಅಂತ ಬರದ್ರ ಬಾಗಿಲನ, ಸುಮ್ಮ ಕೂಡು ಅಂತ.”

“ಅವರ ಅನ್ಲಿ. ಅಂಟ ಕುದಿಸಿ ಕೊಟ್ಟಾಕಿ ನಾನು. ಅದರಾಗ ನನ್ನ ಕೈನೂ ಐತಿ,” ಎಂದಳು. ಹಿಟ್ಟು ಮೆತ್ತಿದ ಕೈಯನ್ನೇ ನೋಡಿಕೊಂಡಳು. “ನಾಳಿಗಿ ರೊಟ್ಟಿ ಕಟ್ಟಿಕೊಡ್ತೇನಿ. ಆ ಮುದಿಕಿನ ಕರಕೊಂಡ ಹೋಗಿ ಯಾರಿಗಿ ಹೇಳಬೇಕೊ ಅವರಿಗಿ ಹೇಳಿ ಬರ್ರಿ. ಪಿಂಚಣಿ ಬಂದಷ್ಟ ಬರ್ಲಿ.”

ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಕೋರ್ಟಿನಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ ಎಂಬ ದೊಡ್ಡ ಬೋರ್ಡು ನಮ್ಮ ಕೋರ್ಟಿನ ಗೋಡೆಯ ಮೇಲೆಯೇ ಇತ್ತು. ಆ ಬೋರ್ಡಿನ ನೆರಳಿಗೆ ನಾನು ವರ್ಷಗಟ್ಟಲೆ ಗಾಡಿ ನಿಲ್ಲಿಸಿದ್ದೇನೆ. ಯಾರಿಗಾದರೂ ಅದನ್ನು ಓದಿ ಹೇಳಿದ್ದು ಅದೇ ಮೊದಲು.

ಕರೆದುಕೊಂಡು ಬರುವುದೇನು ಸುಲಭವಾಗಿರಲಿಲ್ಲ. ಅವರ ಮಂದಿಯಲ್ಲಿ ಕೋರ್ಟು ನೋಡಿದವರೆಲ್ಲ ಕೈಗೆ ಬೇಡಿ ಹಾಕಿಸಿಕೊಂಡು ನೋಡಿದವರು. ತಾನಾಗಿ ನಡೆದು ಕೋರ್ಟಿನ ಗೇಟು ದಾಟುವುದು ಹುಚ್ಚರ ಕೆಲಸ ಎಂದು ಅವಳ ಹಿರಿಯ ಮಗ ವಾದಿಸಿದ. ಮೇಲಾಗಿ ಸಣ್ಣ ಮಗ ಆ ಸಂಜೆ ಬಂದಿರಲಿಲ್ಲ, ಮರುದಿನವೂ ಬಂದಿರಲಿಲ್ಲ. ಕೊನೆಗೆ ಮುದುಕಿಯೇ ಎದ್ದಳು. “ಸತ್ರ ಒಮ್ಮೆ ಸಾಯೋದ. ನಡೀ ತಮ್ಮಾ.” ಸಾಹೇಬ್ರ ಹೋಗಿ ತಮ್ಮಾ ಆಗಿದ್ದೆ. ಆ ಒಂದು ಮಾತಿನಿಂದ ನನಗೆ ಹೆಚ್ಚು ನಾಚಿಕೆಯಾಯಿತು.

ಕೋರ್ಟಿನ ಅಂಗಳದಲ್ಲಿ ಅವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ಹಾಕಿಕೊಬೇ ಎಂದರೆ ಕೇಳಲಿಲ್ಲ. ಕಟ್ಟೆಯ ಮೇಲೆ ಕೂರಿಸಿದರೆ ಜಾರಿ ನೆಲಕ್ಕೆ ಕೂತಳು. ಯಾವ ಮನುಷ್ಯ ಬಡಿಯುವವನು, ಅವನನ್ನು ಮೊದಲೇ ತೋರಿಸಿಬಿಡು ಎಂದು ನನ್ನನ್ನು ಕೇಳಿದಳು. ಇಲ್ಲಿ ಯಾರೂ ಬಡಿಯುವುದಿಲ್ಲ ಎಂದೆ. ನಂಬಲಿಲ್ಲ, ಆದರೆ ಎದ್ದು ಹೋಗಲೂ ಇಲ್ಲ.

ನೆರವಿಗೆ ಕೊಟ್ಟ ವಕೀಲೆ ಇಂಡಿ ಕಡೆಯ ಹುಡುಗಿ, ಕೋಟು ಹೊಸದು, ನಾಲಗೆ ಚೂರಿ. ನನ್ನ ಕಥೆ ಕೇಳಿ, ಕಾಗದದ ಬೆನ್ನಿನ ತೊಗಟೆಯನ್ನು ಬೆರಳಿಂದ ಮುಟ್ಟಿ ನೋಡಿದಳು.

“ಕಾಕಾ, ಸಮನ್ಸು ಸರಿಯಾಗಿ ಮುಟ್ಟಿಲ್ಲಂದ್ರ ತೀರ್ಪ ತಗಸಾಕ ಬರತೈತಿ. ಆದ್ರ ಅದನ್ನ ಹೇಳೂದ ಯಾರು? ನೀವ ಕಟಕಟಿ ಹತ್ತಬೇಕು. ನಿಮ್ಮ ಷರಾ ಸುಳ್ಳಂತ ನಿಮ್ಮ ಬಾಯಲೆ ಹೇಳಬೇಕು.”

“ಹೇಳ್ತೇನಿ.”

“ವಿಚಾರಣೆ ಕೂಡಸ್ತಾರ ನಿಮ್ಮ ಮ್ಯಾಲ.”

“ಕೂಡಸ್ಲಿ.”

“ಮನ್ಯಾಗ ಕೇಳೀರೇನ?”

“ಮನ್ಯಾಕಿನ ಕಳಿಸ್ಯಾಳವಾ ನನ್ನ,” ಎಂದೆ. ಆಗ ಮೊದಲ ಸಲ ನಕ್ಕಳು.

ಅರ್ಜಿಯ ವಿಚಾರಣೆಯ ದಿನ ಮೊದಲು ಮುದುಕಿಯನ್ನು ಕರೆದರು. ಅಂಜಿಕೆಗೆ ಅವಳ ಬಾಯಿಂದ ಅವರ ಮಾತೇ ಬಂತು, ಕನ್ನಡ ಒಂದಕ್ಷರ ಹೊರಡಲಿಲ್ಲ. ಬರೆದುಕೊಳ್ಳುವವನು ಪೆನ್ನು ಎತ್ತಿ ಕೂತ. ಜಜ್ ಸಾಹೇಬರು ಒಳ್ಳೆಯವರು, ನೀರು ಕುಡಿಸಿ, ನಿಧಾನಕ್ಕೆ ಹೇಳಮ್ಮ ಎಂದರು. ಈ ಕಾಗದವನ್ನು ನೀನು ಏನೆಂದು ತಿಳಿದಿದ್ದೆ ಎಂದು ವಕೀಲೆ ಕೇಳಿದಳು. ಮುದುಕಿ ಕನ್ನಡದಲ್ಲಿ ಎರಡೇ ಮಾತು ಹೇಳಿದಳು: “ನಮ್ಮ ಜಾಗಾ.” ಬರೆದುಕೊಳ್ಳುವವನು ಅಷ್ಟನ್ನೇ ಬರೆದುಕೊಂಡ.

ಆಮೇಲೆ ನಾನು. ನಾನು ಎಷ್ಟೋ ಸಾಕ್ಷಿಗಳನ್ನು ಕೂಗಿ ಕರೆದು ಹತ್ತಿಸಿದ ಕಟಕಟೆ ಅದು. ಅದರ ಕಟ್ಟಿಗೆ ಅಷ್ಟು ತಣ್ಣಗಿರುತ್ತದೆಂದು ಹತ್ತಿದಾಗಲೇ ಗೊತ್ತಾಯಿತು. ರೈತನ ವಕೀಲರು ಹಿರಿಯರು, ದಿನಾ ನನಗೆ ನಮಸ್ಕಾರ ಮಾಡುವವರು. ಪಾಟೀಸವಾಲಿಗೆ ಎದ್ದು ನಿಂತರು.

“ಅಲ್ಲಿ ಬಾಗಿಲ ಇತ್ತೋ ಇಲ್ಲೋ?”

“ಇರಲಿಲ್ರಿ.”

“ಪಂಚರು ಸ್ಥಳದಾಗ ಇದ್ದರೋ?”

“ಇರಲಿಲ್ರಿ. ಹೋಟೆಲ್ಲಿನ್ಯಾಗ ಸಹಿ ಹಾಕಿಸೇನ್ರಿ.”

“ಅಂದ್ರ ಸುಳ್ಳ ಷರಾ ಬರದೀರಿ.”

“ಬರದೇನ್ರಿ.”

“ಇಷ್ಟ ವರ್ಷದ ನೌಕರ್ಯಾಗ ಹಿಂಗ ಎಷ್ಟ ಷರಾ ಬರದೀರಿ?”

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಸಿಂದಗಿಯ ಕಡೆ ಕಲ್ಲುಗಣಿಯ ಬದಿಯ ಶೆಡ್ಡುಗಳು, ಬಾಗೇವಾಡಿಯ ಕಡೆ ಇಟ್ಟಂಗಿ ಭಟ್ಟಿಗಳು, ಸುಗ್ಗಿಗೆ ಖಾಲಿಯಾಗುವ ಓಣಿಗಳು, ಎಲ್ಲವೂ ಕಣ್ಣ ಮುಂದೆ ಬಂದವು. ಅಲ್ಲಿ ನಾನು ಬಾಗಿಲು ನೋಡಿ ಬರೆದಿದ್ದೆನೋ, ನೋಡದೆಯೇ ಬರೆದಿದ್ದೆನೋ. “ಗೊತ್ತಿಲ್ರಿ,” ಎಂದೆ. ಅದು ನಿಜವಾದ ಉತ್ತರ. ಅದಕ್ಕಿಂತ ಕೆಟ್ಟ ಉತ್ತರ ನಾನು ಎಂದೂ ಕೊಟ್ಟಿಲ್ಲ.

ತೀರ್ಪು ರದ್ದಾಯಿತು. ದಾವೆ ಮೊದಲಿನಿಂದ ಶುರುವಾಯಿತು. ನನ್ನ ಮೇಲೆ ವಿಚಾರಣೆ ಕೂತು, ಛೀಮಾರಿ ಹಾಕಿ, ಎರಡು ವರ್ಷದ ವೇತನ ಬಡ್ತಿ ನಿಲ್ಲಿಸಿದರು. ಮಾಡಿದ್ದುಣ್ಣೋ ಮಹರಾಯ. ಕ್ಯಾಂಟೀನಿನವನು ನಾನು ಹೋದಾಗಲೆಲ್ಲ, “ಬಾಗಲಾ ತಗದ ಐತ್ರಿ, ಬರ್ರಿ,” ಎನ್ನತೊಡಗಿದ. ಮೊದಮೊದಲು ಉರಿಯುತ್ತಿತ್ತು, ಆಮೇಲೆ ನಾನೂ ನಗತೊಡಗಿದೆ. ಆದರೆ ಅಂದಿನಿಂದ ನಿವೃತ್ತಿಯವರೆಗೆ ನನ್ನ ಷರಾಗಳು ಉದ್ದವಾದವು. ಬಾಗಿಲಿಲ್ಲ ಎಂದು ಬರೆದೆ. ದುಡಿಯಲು ಹೋಗಿದ್ದಾರೆ, ಇಂಥ ಹಬ್ಬಕ್ಕೆ ಬರುತ್ತಾರಂತೆ ಎಂದು ಬರೆದೆ. ನಾಜರರು ಬೈದರು, ತಿರುಗಿ ಕಳಿಸಿದರು, ನಾನು ತಿರುಗಿ ಹೋದೆ. ಕೈಗೆ ಕೊಟ್ಟ ಮೇಲೆ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲಿಲ್ಲ.

ಆ ದಾವೆಯ ಹೊಸ ತಾರೀಖಿನ ಕಾಗದವನ್ನು ಮುದುಕಿಗೆ ಮುಟ್ಟಿಸಲು ನಾನೇ ಹೋದೆ. ಅವಳ ಎದುರು ಕುಕ್ಕರಗಾಲಿನಲ್ಲಿ ಕೂತು, ಒಂದೊಂದೇ ಸಾಲು ಓದಿ, ನಮ್ಮ ಮಾತಿಗೆ ತಂದು ಹೇಳಿದೆ.

“ಇದು ಜಾಗಾದ ಕಾಗದ ಅಲ್ಲಬೇ. ಇದು ಕರಿಯೂ ಕಾಗದ. ನೀ ಬಂದು ನಿನ್ನ ಮಾತ ಹೇಳು ಅಂತ ಕರಿತೈತಿ.”

“ಹಂಗಾರ ಅದೂ ಕರಿಯೂ ಕಾಗದನ ಇತ್ತೇನ?”

“ಹೌದಬೇ.”

ಅವಳು ಬೇವಿನ ಗಿಡದ ಕಡೆ ನೋಡಿದಳು. “ಎರಡ ವರ್ಷ ಪೆಟ್ಟಿಗ್ಯಾಗ ಕುಂತ ಕರದೈತಿ ಪಾಪ. ನಮಗ ಕೇಳಿಸಿಲ್ಲ,” ಎಂದಳು. ಬೈಗುಳ ಬರುತ್ತದೆಂದು ಕಾದಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನದನ್ನು ಉದ್ದ ಮಾಡುವುದಿಲ್ಲ. ಸರ್ವೆಯವರು ಬಂದು ಸರಪಳಿ ಎಳೆದರು. ದಂಡೆಯ ಆ ಪಟ್ಟಿ ರೈತನ ನಂಬರಿನೊಳಗೆ ಬರುತ್ತಿರಲಿಲ್ಲ, ಸರ್ಕಾರದ ಖರಾಬು ಜಮೀನು ಎಂದು ಅಳತೆಯಲ್ಲಿ ತೋರಿತು. ದಾವೆ ವಜಾ ಆಯಿತು. ಆ ಹುಡುಗಿ ವಕೀಲೆ ಅಲ್ಲಿಗೆ ಬಿಡಲಿಲ್ಲ, ಎಂದೋ ತಲಾಠಿ ಎಣಿಸಿ ಹೋದ ಅರ್ಜಿಯನ್ನು ಹುಡುಕಿ ತೆಗೆಸಿ, ಕಚೇರಿಯಿಂದ ಕಚೇರಿಗೆ ತಳ್ಳಿಸಿದಳು. ನಾನು ನಿವೃತ್ತನಾದ ಮರುವರ್ಷ ನಿಜವಾದ ಹಕ್ಕುಪತ್ರಗಳು ಬಂದವು. ಏಳು ಬಂದವು.

ಎಂಟನೆಯದು ಸಣ್ಣ ಮಗನದ್ದು. ಹೆಂಡತಿ, ಮಗುವಿನೊಡನೆ ಜೋಳದ ಹೊಲಕ್ಕೆ ನುಗ್ಗಿದವನು ತಿರುಗಿ ಬಂದೇ ಇರಲಿಲ್ಲ. ಯಾರೋ ಪಂಢರಪುರದಲ್ಲಿ ನೋಡಿದೆ ಅಂದರು, ಯಾರೋ ಸೊಲ್ಲಾಪುರದ ಸ್ಟೇಶನ್ನಿನಲ್ಲಿ ಅಂದರು. ಹಿರಿಯ ಮಗ ಎರಡೂ ಕಡೆ ಹೋಗಿ ಬಂದ. ಫೋನ್ ನಂಬರು ಹತ್ತುತ್ತಿರಲಿಲ್ಲ. ಪರಿಶೀಲನೆಗೆ ಬಂದ ನೌಕರ ಅವನ ಹೆಸರಿನ ಮುಂದೆ ‘ಸ್ಥಳದಲ್ಲಿ ವಾಸವಿಲ್ಲ’ ಎಂದು ಬರೆದು ಹೋಗಿದ್ದ. ಅವನ ಷರಾದಲ್ಲಿ ಸುಳ್ಳಿರಲಿಲ್ಲ. ಯಾಕೆ ವಾಸವಿಲ್ಲ ಎಂದು ಬರೆಯುವ ಕಾಲಂ ಆ ಕಾಗದದಲ್ಲಿ ಇಲ್ಲ. ಇದ್ದಿದ್ದರೆ ಅಲ್ಲಿ ನನ್ನ ಹೆಸರು ಬರೆಯಬೇಕಾಗುತ್ತಿತ್ತು.

ಹೋದ ವರ್ಷ ಯುಗಾದಿಯಾದ ಮೇಲೆ ಹಿರಿಯ ಮಗನ ಫೋನಿನಿಂದ ಮುದುಕಿ ಮಾತಾಡಿದಳು. “ತಮ್ಮಾ, ಒಂದ ಸಲ ಬಂದ ಹೋಗು. ಬರೂವಾಗ ಆ ನಿನ್ನ ಅಂಟಿನ ಡಬ್ಬಿ ತಗೊಂಡ ಬಾ.”

ಜರ್ದಾ ಡಬ್ಬಿ ಅಟ್ಟದ ಮೇಲಿತ್ತು. ಹೆಂಡತಿ ತೊಳೆದು, ಹೊಸ ಅಂಟು ಕುದಿಸಿ ತುಂಬಿದಳು. ಮೈಲುತುತ್ತ ಜಾಸ್ತಿ ಹಾಕೇನಿ, ಗಟ್ಟಿ ಇರ್ಲಿ ಎಂದಳು. ಏತಕ್ಕೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ದಂಡೆಯ ಮೇಲೆ ಈಗ ಪತ್ರಾಸಿನ ಏಳು ಮನೆಗಳು. ಮುದುಕಿಯ ಮನೆಗೆ ಹಸಿರು ಬಣ್ಣದ ಬಾಗಿಲು. ಅದನ್ನು ಬಡಿದು ತೋರಿಸಿದಳು. “ನೋಡ, ಈಗ ಬಾಗಲಾ ಐತಿ. ಇದಕ್ಕ ಮಾತ್ರ ಏನೂ ಅಂಟಸಬ್ಯಾಡ ನೀ.” ಸೊಸೆಯಂದಿರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಚಹಾ ಬಂತು. ಕುಡಿದಾದ ಮೇಲೆ ಅವಳು ನನ್ನ ಕೈ ಹಿಡಿದು ಬೇವಿನ ಗಿಡದ ಹತ್ತಿರ ನಡೆಸಿಕೊಂಡು ಹೋದಳು. ಅದರ ಆಚೆ ಎಂಟನೆಯ ಜಾಗ ಖಾಲಿ ಇತ್ತು. ದಿನಾ ಕಸ ಹೊಡೆದು ಸ್ವಚ್ಛ ಇಟ್ಟಿದ್ದರು.

“ಒಂದ ಕಾಗದ ಬರೀ,” ಎಂದಳು.

“ಯಾರಿಗಿಬೇ?”

“ಸಣ್ಣಾವಗ. ನಿನ್ನ ಜಾಗಾ ಕಾದೇವಿ, ಪೊಲೀಸ್ರ ಹುಡುಕಾತಿಲ್ಲ, ಮನಿಗಿ ಬಾ ಅಂತ ಬರೀ. ಬರದ ಈ ಗಿಡಕ್ಕ ಅಂಟಸು.”

ಅವನಿಗೆ ಓದಲು ಬರುವುದಿಲ್ಲ, ಪಂಢರಪುರದಲ್ಲಿದ್ದಾನೋ ಎಲ್ಲಿದ್ದಾನೋ, ಈ ಗಿಡ ನೋಡಬೇಕಾದರೆ ಅವನು ಬಂದೇ ಬರಬೇಕು, ಬಂದ ಮೇಲೆ ಕಾಗದ ಯಾಕೆ ಎಂದು ಹೇಳಹೋದೆ. ಅವಳು ಮಾತು ಮುಗಿಸಗೊಡಲಿಲ್ಲ.

“ಮಂದಿ ಇದ್ದಾಗ ಅಂವ ಬರೂದಿಲ್ಲ ತಮ್ಮಾ. ನಾವೆಲ್ಲಾ ಸುಗ್ಗಿಗಿ ಹ್ವಾದಾಗ, ಯಾರೂ ಇಲ್ಲದಾಗ ಕದ್ದ ಬಂದ ನೋಡಿ ಹೋಗ್ತಾನ. ಹ್ವಾದ ವರ್ಷ ಒಲಿಯಾಗ ಹೊಸಾ ಬೂದಿ ಇತ್ತು. ನೀ ಅಂಟಿಸಿದ್ದ ನಮಗ ಸಿಕ್ಕಿತ್ತಲ್ಲ, ಅವಗೂ ಸಿಗತೈತಿ. ಸಿಕ್ಕಾ ಇಲ್ಲದ ಕಾಗದ ನೋಡಿ ಹೆದರೂದಿಲ್ಲ. ಯಾರ ಕಡೆಯಿಂದರ ಓದಿಸ್ತಾನ.”

ನೆಲಕ್ಕೆ ಕೂತು ಬರೆದೆ. ಅವಳು ಹೇಳಿದ್ದನ್ನೇ, ಅವಳು ಹೇಳಿದ ಹಾಗೆಯೇ. ಬರೆದು ಮೂರು ಸಲ ಓದಿ ಹೇಳಿದೆ. ಬೇವಿನ ಬೊಡ್ಡೆಯನ್ನು ಅಂಗೈಯಿಂದ ಒರೆಸಿ, ಅಂಟು ಸವರಿ, ನಾಲ್ಕೂ ಮೂಲೆ ಒತ್ತಿ ಅಂಟಿಸಿದೆ. ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದೆ. ಮುದುಕಿ ಅರಿಸಿಣದ ಬಟ್ಟಲು ಹಿಡಿದು ನಿಂತಿದ್ದಳು, ಮೂಲೆಗಳಿಗೆ ಹಚ್ಚಿದಳು. ಕೆಳಗೆ ರೂಢಿಯಂತೆ ನನ್ನ ಷರಾ ಬರೆದೆ: ‘ಹೆಸರಿನವರು ಸ್ಥಳದಲ್ಲಿ ಇಲ್ಲದ ಕಾರಣ ಈ ಕಾಗದವನ್ನು ಬೇವಿನ ಗಿಡಕ್ಕೆ ಅಂಟಿಸಲಾಗಿದೆ.’ ಪಂಚರ ಸಹಿಯ ಜಾಗದಲ್ಲಿ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡೆ.

ಈಗ ಮಳೆಯಾದ ಮೇಲೆಲ್ಲ ಒಮ್ಮೆ ಹೋಗಿ ನೋಡಿ ಬರುತ್ತೇನೆ. ಕಾಗದ ನೆನೆದಿದ್ದರೆ ಬಿಡಿಸಿ ಹೊಸದು ಬರೆದು ಅಂಟಿಸುತ್ತೇನೆ. ಈ ಸುಗ್ಗಿಗೆ ಅವರೆಲ್ಲ ಹೋಗಿದ್ದಾರೆ, ಮನೆಗಳಿಗೆ ಬೀಗ ಬಿದ್ದಿದೆ. ನಿನ್ನೆ ಮಳೆಯಿರದಿದ್ದರೂ ಹೋದೆ, ಕಾಗದ ಇರಲಿಲ್ಲ. ಗಾಳಿಗೆ ಹರಿದು ಹೋಗಿದ್ದರೆ ಬೊಡ್ಡೆಯ ಮೇಲೆ ಚೂರುಗಳು ಉಳಿಯುತ್ತವೆ, ಇಷ್ಟು ವರ್ಷದ ಅನುಭವದಿಂದ ನನಗೆ ಗೊತ್ತು. ಒಂದು ಚೂರೂ ಇರಲಿಲ್ಲ. ಯಾರೋ ಕೂತು, ನೀರು ಹಚ್ಚಿ, ಹರಿಯದ ಹಾಗೆ ಬಿಡಿಸಿದ್ದರು. ತೊಗಟೆ ಇನ್ನೂ ಒದ್ದೆಯಿತ್ತು.